ಕ್ಯಾರೆಟ್ಟಿನ ಬಣ್ಣ ಗುಳಿಗೆಗೆ ಬಂದಾಗ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ತರಕಾರಿಯ ಬಣ್ಣಕ್ಕೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಕೇಳುವವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿವೆ. ಹಸಿರಿಗೆ ಯಾವ ವರ್ಣದ್ರವ್ಯ, ಕಿತ್ತಳೆಗೆ ಯಾವುದು ಎಂಬುದು ಶಾಲೆಯ ಪಾಠವಾದ್ದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಹೆಚ್ಚಿನ ಪತ್ರಗಳ ಹಿಂದೆ ಯಾರೋ ಮಾರಲು ತಂದ ಡಬ್ಬಿಯೊಂದಿರುತ್ತದೆ. ಅವುಗಳಲ್ಲಿ ತೀರ ಅಪಾಯಕಾರಿಯಾದ ಪ್ರಶ್ನೆಗೆ ವಿವರವಾಗಿ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ 56 ವರ್ಷ. ಮೂವತ್ತು ವರ್ಷಗಳಿಂದ ಬೀಡಿ, ಸಿಗರೇಟು ಸೇದುತ್ತಿದ್ದೇನೆ, ಬಿಡಲು ಆಗಿಲ್ಲ. ಪರಿಚಿತರೊಬ್ಬರು ಬೀಟಾ ಕ್ಯಾರೋಟಿನ್ ಗುಳಿಗೆ ತಂದುಕೊಟ್ಟು, ಇದು ಕ್ಯಾರೆಟ್ಟಿನ ಸತ್ವ, ಶ್ವಾಸಕೋಶವನ್ನು ಕಾಪಾಡುತ್ತದೆ, ಗುಣವಾಗದಿದ್ದರೂ ಹಾನಿಯಿಲ್ಲ ಎನ್ನುತ್ತಾರೆ. ನುಂಗಬಹುದೇ?

ಉತ್ತರ: ನುಂಗಬೇಡಿ. ಈಗಾಗಲೇ ಆರಂಭಿಸಿದ್ದರೆ ಇಂದೇ ನಿಲ್ಲಿಸಿ. "ಹಾನಿಯಿಲ್ಲ" ಎಂಬ ಆ ಮಾತು ಸುಳ್ಳೆಂದು ತಿಳಿದು ಮೂರು ದಶಕಗಳಾದ ಮೇಲೂ ಅದನ್ನು ಧೂಮಪಾನಿಗಳಿಗೇ ಹೇಳಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ಹಣ್ಣು, ಸೊಪ್ಪು, ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಇರುವುದನ್ನು ಅನೇಕ ಅಧ್ಯಯನಗಳು ಕಂಡಿದ್ದವು. ಅವರ ರಕ್ತದಲ್ಲಿ ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ವರ್ಣದ್ರವ್ಯವಾದ ಬೀಟಾ ಕ್ಯಾರೋಟಿನ್ ಕೂಡ ಹೆಚ್ಚಿತ್ತು. ಹಾಗಾದರೆ ಕಾಪಾಡುತ್ತಿರುವುದು ಇದೇ ವಸ್ತುವೇ ಎಂದು 1981ರಲ್ಲಿ ಕ್ಯಾನ್ಸರಿನ ಕಾರಣಗಳನ್ನು ಅಧ್ಯಯನ ಮಾಡುತ್ತಿದ್ದ ಬ್ರಿಟನ್ನಿನ ವಿಜ್ಞಾನಿಗಳಾದ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತು ಅವರ ಸಹೋದ್ಯೋಗಿಗಳು 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಟ್ಟರು. ಊಹೆಯನ್ನು ಊಹೆಯೆಂದೇ ಕರೆದು ಪರೀಕ್ಷೆಗೆ ಒಡ್ಡಬೇಕೆಂದ ಅವರ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ.

ಪರೀಕ್ಷೆ ನಡೆಯಿತು. ಫಿನ್ಲೆಂಡಿನಲ್ಲಿ 50ರಿಂದ 69 ವರ್ಷ ವಯಸ್ಸಿನ 29,133 ಧೂಮಪಾನಿ ಗಂಡಸರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವು ಗುಂಪುಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟು, ಐದರಿಂದ ಎಂಟು ವರ್ಷಗಳ ಕಾಲ ಗಮನಿಸಲಾಯಿತು. 1994ರಲ್ಲಿ ಹೊರಬಂದ ಫಲಿತಾಂಶ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು: ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು, ಒಟ್ಟು ಸಾವುಗಳೂ ಶೇ. 8ರಷ್ಟು ಹೆಚ್ಚಿದ್ದವು. ಇದು ಆಕಸ್ಮಿಕವಿರಬಹುದೆಂದು ವಾದಿಸಿದವರಿಗೆ ಅಮೆರಿಕದ ಇನ್ನೊಂದು ಪ್ರಯೋಗ ಉತ್ತರ ಕೊಟ್ಟಿತು. ಅಲ್ಲಿ ಧೂಮಪಾನಿಗಳು, ಹಿಂದೆ ಸೇದುತ್ತಿದ್ದವರು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರು ಸೇರಿ 18,314 ಜನರಿದ್ದರು. ಬೀಟಾ ಕ್ಯಾರೋಟಿನ್ ಜೊತೆಗೆ ವಿಟಮಿನ್ ಎ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಿದ್ದು ಕಂಡು, 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮುಂಚೆಯೇ ಪ್ರಯೋಗವನ್ನು ನಿಲ್ಲಿಸಬೇಕಾಯಿತು.

ಹಾಗಾದರೆ ಕ್ಯಾರೆಟ್ ವಿಷವೇ ಎಂದು ನೀವು ಕೇಳಬಹುದು. ಅಲ್ಲ. ಅದೇ ಫಿನ್ಲೆಂಡಿನ ಪ್ರಯೋಗದಲ್ಲಿ, ಆರಂಭಕ್ಕೆ ಮುಂಚೆ ಊಟದಿಂದಲೇ ಹೆಚ್ಚು ಬೀಟಾ ಕ್ಯಾರೋಟಿನ್ ಪಡೆಯುತ್ತಿದ್ದವರಲ್ಲಿ ಕ್ಯಾನ್ಸರ್ ಕಡಿಮೆಯೇ ಇತ್ತು. ಊಟದ ಬಣ್ಣ ಒಂಟಿಯಾಗಿ ಬರುವುದಿಲ್ಲ. ಹರಿವೆ ಸೊಪ್ಪಿನ ಪಲ್ಯದೊಡನೆ ನಾರು, ಫೋಲೇಟ್ ಎಂಬ ವಿಟಮಿನ್, ಬೀಟಾ ಕ್ಯಾರೋಟಿನ್ನಿನ ಬಳಗದ ಹತ್ತಾರು ಬಗೆಯ ಇತರ ವರ್ಣದ್ರವ್ಯಗಳು (ಕ್ಯಾರೊಟಿನಾಯ್ಡುಗಳು) ಬರುತ್ತವೆ, ಮತ್ತು ಅದನ್ನು ದಿನವೂ ತಿನ್ನುವವರ ಬದುಕಿನ ಉಳಿದ ಅಭ್ಯಾಸಗಳೂ ಬೇರೆಯಾಗಿರುತ್ತವೆ. ಗುಳಿಗೆಯಾದರೋ ಒಂದೇ ವಸ್ತುವನ್ನು ಊಟ ಎಂದೂ ಮುಟ್ಟಿಸದ ಮಟ್ಟಕ್ಕೆ ರಕ್ತದಲ್ಲಿ ಏರಿಸುತ್ತದೆ. ಹೊಗೆಯಿಂದ ಘಾಸಿಗೊಂಡ, ಆಮ್ಲಜನಕ ತುಂಬಿದ ಶ್ವಾಸಕೋಶದಲ್ಲಿ ಆ ಪ್ರಮಾಣದ ಬೀಟಾ ಕ್ಯಾರೋಟಿನ್ ತಾನೇ ಒಡೆದು ಹಾನಿಕರ ವಸ್ತುಗಳಾಗುತ್ತದೆ ಎಂಬುದು ಫೆರೆಟ್ ಎಂಬ ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುವ ವಿವರಣೆ.

ಆದ್ದರಿಂದ ತಟ್ಟೆಯಲ್ಲಿ ನುಗ್ಗೆಸೊಪ್ಪು, ಹರಿವೆ, ಸಿಹಿಗುಂಬಳ, ಪಪ್ಪಾಯಿ ಧಾರಾಳವಾಗಿರಲಿ. ಸೊಪ್ಪಿಗೆ ಎಣ್ಣೆಯ ಒಗ್ಗರಣೆಯೂ ಇರಲಿ, ಏಕೆಂದರೆ ಕ್ಯಾರೊಟಿನಾಯ್ಡುಗಳು ಕೊಬ್ಬಿನಲ್ಲಿ ಕರಗಿಯೇ ಮೈಗೆ ಹತ್ತಬೇಕು. ಹಣ್ಣು, ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಇದಾವುದೂ ಬೀಡಿಯ ಲೆಕ್ಕವನ್ನು ತೀರಿಸುವುದಿಲ್ಲ. ಬಿಡಲು ಆಗಿಲ್ಲವೆಂದು ಬರೆದಿದ್ದೀರಿ. ಗುಳಿಗೆಗೆ ಕೊಡುವ ಹಣವನ್ನು ನಿಕೋಟಿನ್ ಗಮ್ಮಿಗೆ ಕೊಟ್ಟು, ವೈದ್ಯರ ಸಹಾಯದಿಂದ ಮತ್ತೊಮ್ಮೆ ಪ್ರಯತ್ನಿಸಿ. (ಮಕ್ಕಳಿಗೆ ಅಂಗನವಾಡಿಯಲ್ಲಿ ಹಾಕುವ ವಿಟಮಿನ್ ಎ ದ್ರಾವಣ ಕೊರತೆಯನ್ನು ತಡೆಯಲಿಕ್ಕಾಗಿ ಇರುವುದು. ನನ್ನ ಮಾತು ಕೇಳಿ ಯಾರೂ ಅದನ್ನು ತಪ್ಪಿಸಬಾರದು.)

ಪ್ರಶ್ನೆ: ಅರಿಸಿನಕ್ಕೆ ಕಾಳುಮೆಣಸು ಸೇರಿಸಿದರೆ ಕ್ಯಾನ್ಸರ್ ಬರುವುದಿಲ್ಲವೇ?

ಉತ್ತರ: ಕಾಳುಮೆಣಸಿನ ಪೈಪರಿನ್ ಅರಿಸಿನದ ಹಳದಿ ವರ್ಣದ್ರವ್ಯವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದನ್ನು ಬಹಳವಾಗಿ ಹೆಚ್ಚಿಸುತ್ತದೆಂದು 1998ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ. ರಕ್ತಕ್ಕೆ ಸೇರಿತೆಂಬುದು ಕ್ಯಾನ್ಸರ್ ತಡೆಯಿತೆಂಬುದಕ್ಕೆ ಸಾಕ್ಷಿಯಲ್ಲ. ಸಾರಿಗೆ ಹಾಕುವ ಅರಿಸಿನಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಇವೆರಡರ ಸಾರೀಕೃತ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ, ಕಿಮೋಥೆರಪಿಯಲ್ಲಿರುವವರು ಅವನ್ನು ಮುಟ್ಟಲೇಬಾರದು.

ಪ್ರಶ್ನೆ: ಗೋಧಿಹುಲ್ಲಿನ ರಸದ ಹಸಿರು ಗಡ್ಡೆಯನ್ನು ಕರಗಿಸುತ್ತದೆಯೇ?

ಉತ್ತರ: ಇಲ್ಲ. ಈ ರಸವನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಕೆಲವು ತಿಂಗಳ ನಂತರ ಶಸ್ತ್ರಚಿಕಿತ್ಸೆಯೇ ಸಾಧ್ಯವಿಲ್ಲದ ಸ್ಥಿತಿಯಲ್ಲಿ ಮರಳಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಬೀಟ್‌ರೂಟ್ ಕೆಂಪಗಿರುವುದರಿಂದ ಕ್ಯಾನ್ಸರ್ ರೋಗಿಗಳಿಗೆ ರಕ್ತ ಕೊಡುತ್ತದೆಯೇ?

ಉತ್ತರ: ಅದರ ಕೆಂಪಿಗೂ ರಕ್ತದ ಕೆಂಪಿಗೂ ಯಾವ ಸಂಬಂಧವೂ ಇಲ್ಲ.

ಪ್ರಶ್ನೆ: ಎಲೆ-ಅಡಿಕೆ, ತಂಬಾಕು ಹಾಕುವ ನನ್ನ ತಂದೆಯ ಕೆನ್ನೆಯ ಒಳಗೆ ಬಿಳಿ ಮಚ್ಚೆ ಬಂದಿದೆ. ಕ್ಯಾರೆಟ್ ರಸ ಕೊಡುತ್ತಿದ್ದೇವೆ. ಎಷ್ಟು ದಿನ ಕೊಡಬೇಕು?

ಉತ್ತರ: ಕೇರಳದಲ್ಲಿ ತಂಬಾಕು ಜಗಿಯುವವರ ಇಂಥದೇ ಮಚ್ಚೆಗಳಿಗೆ ಒಂದು ವರ್ಷ ಬೀಟಾ ಕ್ಯಾರೋಟಿನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಶೇ. 33ರಷ್ಟು ಜನರಲ್ಲಿ ಮಚ್ಚೆ ಪೂರ್ತಿ ಮಾಯವಾಗಿತ್ತು. ಆದರೆ ಔಷಧ ನಿಲ್ಲಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿಗೆ ಅದು ಮರಳಿತು. ಆ ಮದ್ದಿನ ಪ್ರಮಾಣ ಕೂಡ ವಾರಕ್ಕೆ 360 ಮಿಲಿಗ್ರಾಂ. ನಿಮ್ಮ ಒಂದು ಲೋಟ ರಸ ಅದರ ಹತ್ತಿರವೂ ಬರುವುದಿಲ್ಲ. ಜಗಿಯುವುದನ್ನು ಇಂದೇ ನಿಲ್ಲಿಸಬೇಕು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ, ಅದನ್ನೂ ಬಿಡಬೇಕು. ದಿನ ಎಣಿಸುತ್ತ ಕೂರಬೇಡಿ. ಇದೇ ವಾರ ತಂದೆಯವರನ್ನು ದಂತವೈದ್ಯರ ಅಥವಾ ಕ್ಯಾನ್ಸರ್ ಆಸ್ಪತ್ರೆಯ ಬಳಿ ಕರೆದೊಯ್ದು ಮಚ್ಚೆಯನ್ನು ತೋರಿಸಿ, ಅವರು ಬಯಾಪ್ಸಿ (ಮಚ್ಚೆಯ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು) ಬೇಕೆಂದರೆ ಹಿಂಜರಿಯದೆ ಒಪ್ಪಿಕೊಳ್ಳಿ.