ಮೂಗು ಕೊಯ್ಯುವ ಶಿಕ್ಷೆಯನ್ನು ನಿಲ್ಲಿಸಿದ ಚಕ್ರವರ್ತಿ

ಪ್ರಶ್ನೆ: ಪ್ರಾಚೀನ ಚೀನಾದ ಹಾನ್ ವಂಶದ ವೆನ್ ಚಕ್ರವರ್ತಿಯು ಹುಡುಗಿಯೊಬ್ಬಳ ಪತ್ರವನ್ನು ಓದಿ ಅಂಗಚ್ಛೇದದ ಶಿಕ್ಷೆಗಳನ್ನು ರದ್ದುಪಡಿಸಿದನಂತೆ. ಇದು ನಿಜವೇ? ಅವನ ಆಳ್ವಿಕೆ ಹೇಗಿತ್ತು?

ಉತ್ತರ: ಘಟನೆ ನಡೆದು ನೂರು ವರ್ಷ ತುಂಬುವ ಮೊದಲೇ ಇತಿಹಾಸಕಾರ ಸಿಮಾ ಚಿಯೆನ್ ಅದನ್ನು ದಾಖಲಿಸಿರುವುದರಿಂದ, ಇದನ್ನು ಬರಿಯ ದಂತಕಥೆಯೆಂದು ತಳ್ಳಿಹಾಕುವಂತಿಲ್ಲ.

ವೆನ್‌ನ ಹುಟ್ಟುಹೆಸರು ಲಿಯು ಹೆಂಗ್. ವಂಶಸ್ಥಾಪಕ ಲಿಯು ಬಾಂಗ್‌ನ ಮಗನಾದರೂ ಅವನ ತಾಯಿ ಪಟ್ಟದರಾಣಿಯಲ್ಲ. ಚಿಕ್ಕವನಿದ್ದಾಗಲೇ ಅವನನ್ನು ಉತ್ತರದ ಗಡಿಯ ದಾಯ್ ಪ್ರಾಂತ್ಯಕ್ಕೆ ಅರಸನನ್ನಾಗಿ ಕಳುಹಿಸಲಾಗಿತ್ತು. ಕ್ರಿ.ಪೂ. 180ರಲ್ಲಿ ಪಟ್ಟದರಾಣಿ ಲ್ಯೂ ತೀರಿಕೊಂಡು, ಅಧಿಕಾರ ಹಿಡಿದಿದ್ದ ಅವಳ ತವರಿನವರನ್ನು ಮಂತ್ರಿಗಳು ನಿರ್ಮೂಲ ಮಾಡಿದ ಬಳಿಕ ಸಿಂಹಾಸನವೇರಲು ಕರೆ ಬಂದಾಗ, ಅವನು ಅದನ್ನು ಸುಲಭವಾಗಿ ನಂಬದೆ, ಮೊದಲು ಸೋದರಮಾವನನ್ನು ಕಳುಹಿಸಿ ವಿಚಾರಿಸಿಕೊಂಡು, ಆಮೇಲಷ್ಟೇ ರಾಜಧಾನಿ ಛಾಂಗ್‌ಆನ್‌ಗೆ ಹೊರಟನು. ಕ್ರಿ.ಪೂ. 157ರವರೆಗೆ ಆಳಿದನು. ಒಂದು ಎತ್ತರದ ಜಗಲಿಯನ್ನು ಕಟ್ಟಿಸಬೇಕೆಂದುಕೊಂಡಾಗ, ಅದರ ಖರ್ಚು ಹತ್ತು ಮಧ್ಯಮ ಸ್ಥಿತಿಯ ಕುಟುಂಬಗಳ ಆಸ್ತಿಗೆ ಸಮವೆಂದು ತಿಳಿದು ಕೈಬಿಟ್ಟನು. ಅವನ ಮೆಚ್ಚಿನ ರಾಣಿಯ ಉಡುಪು ಸಹ ನೆಲಕ್ಕೆ ತಾಗುವಷ್ಟು ಉದ್ದವಿರಕೂಡದಿತ್ತು.

ಇನ್ನು ಆ ಹುಡುಗಿಯ ವಿಷಯ. ಚೀ ಪ್ರಾಂತ್ಯದ ವೈದ್ಯ ಚುನ್‌ಯು ಯಿ ಎಂಬವನಿಗೆ ಅಂಗಚ್ಛೇದದ ಶಿಕ್ಷೆಯಾಗಿ, ಅವನನ್ನು ಛಾಂಗ್‌ಆನ್‌ಗೆ ಕರೆದೊಯ್ಯುವಾಗ, ಐವರು ಹೆಣ್ಣುಮಕ್ಕಳಿದ್ದೂ ಕಷ್ಟಕಾಲಕ್ಕೆ ಒಬ್ಬರೂ ಒದಗುವುದಿಲ್ಲವೆಂದು ಅವನು ಅವರನ್ನೇ ಬೈದನು. ಆ ಮಾತಿನಿಂದ ನೊಂದ ಕಿರಿಯ ಮಗಳು ಟಿಯಿಂಗ್ ತಂದೆಯ ಹಿಂದೆಯೇ ರಾಜಧಾನಿಗೆ ಹೋಗಿ ಚಕ್ರವರ್ತಿಗೆ ಮನವಿ ಬರೆದಳು: ಸತ್ತವರು ಮರಳಿ ಬದುಕುವುದಿಲ್ಲ, ಕಡಿದ ಅಂಗ ಮತ್ತೆ ಕೂಡುವುದಿಲ್ಲ, ತಿದ್ದಿಕೊಳ್ಳಬೇಕೆಂದರೂ ಅವರಿಗೆ ದಾರಿಯೇ ಉಳಿಯುವುದಿಲ್ಲ, ತಂದೆಯ ಬದಲು ತಾನು ಸರ್ಕಾರದ ದಾಸಿಯಾಗಿರುತ್ತೇನೆ. ಕೇವಲ ತಂದೆಯ ಬಿಡುಗಡೆಯನ್ನು ಬೇಡದೆ, ಆ ಶಿಕ್ಷೆಯಲ್ಲೇ ಇರುವ ದೋಷವನ್ನು ಎತ್ತಿ ತೋರಿದ್ದು ಈ ಪತ್ರದ ಹಿರಿಮೆಯೆಂದು ನನಗನ್ನಿಸುತ್ತದೆ. ವೆನ್ ಕೂಡ ಅದನ್ನು ಹಾಗೆಯೇ ಓದಿಕೊಂಡನು. ಕ್ರಿ.ಪೂ. 167ರಲ್ಲಿ ಮುಖಕ್ಕೆ ಹಚ್ಚೆ ಹೊಡೆಯುವುದು, ಮೂಗು ಕೊಯ್ಯುವುದು, ಪಾದ ಕಡಿಯುವುದು ರದ್ದಾದವು.

ಆದರೆ ಇಲ್ಲಿಗೇ ಕಥೆಯನ್ನು ಮುಗಿಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ. ಮೂಗಿನ ಬದಲು 300 ಏಟು, ಎಡಪಾದದ ಬದಲು 500 ಏಟು ಎಂದಾಯಿತು. ಬಲಪಾದ ಕಳೆದುಕೊಳ್ಳಬೇಕಿದ್ದವರಿಗೆ ಮರಣದಂಡನೆಯೇ ವಿಧಿಯಾಯಿತು. ಏಟು ತಿಂದವರಲ್ಲಿ ಅನೇಕರು ಶಿಕ್ಷೆ ಮುಗಿಯುವ ಮೊದಲೇ ಸತ್ತರು. ಅಂಗವನ್ನು ಉಳಿಸಲು ಹೊರಟ ಕಾನೂನು ಪ್ರಾಣವನ್ನೇ ತೆಗೆಯಿತು. ವೆನ್‌ನ ಮಗ ಜಿಂಗ್ ಚಕ್ರವರ್ತಿಯು ಏಟುಗಳನ್ನು ಎರಡು ಬಾರಿ ತಗ್ಗಿಸಿ, 500ನ್ನು 200ಕ್ಕೂ 300ನ್ನು 100ಕ್ಕೂ ಇಳಿಸಿದನು. ಹೊಡೆಯುವ ಬಿದಿರಿನ ಉದ್ದ, ದಪ್ಪಗಳನ್ನು ಗೊತ್ತುಪಡಿಸಿ, ಅದರ ಗಿಣ್ಣುಗಳನ್ನು ಹೆರೆದು ನಯಗೊಳಿಸಬೇಕೆಂದೂ, ದಣಿದವನ ಜಾಗಕ್ಕೆ ಹೊಸಬನನ್ನು ನಿಲ್ಲಿಸದೆ ಒಬ್ಬನೇ ಕೊನೆಯವರೆಗೆ ಹೊಡೆಯಬೇಕೆಂದೂ ವಿಧಿಸಿದನು.