ಮೈಸೂರಿನಲ್ಲಿ ಹುಟ್ಟಿದ ಮಗು, ಜರ್ಮನಿಯ ಅಪ್ಪ: ಮಗುವಿಗೆ ಯಾವ ದೇಶದ ಪಾಸ್‌ಪೋರ್ಟ್ ಮಾಡಿಸಬೇಕು?

ನಿಮ್ಮ ಒಂದು ಪ್ರಶ್ನೆಯೊಳಗೆ ನಾಲ್ಕು ಪ್ರಶ್ನೆಗಳಿವೆ. ಎಂಟು ತಿಂಗಳ ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಲೋ ಜರ್ಮನಿಯದೋ, ಮದುವೆ ನೋಂದಣಿಯಾಗಿ ಒಂದೂವರೆ ವರ್ಷವಾದ ಗಂಡನಿಗೆ ಒಸಿಐ ಕಾರ್ಡ್ (ಭಾರತದ ನಂಟಿರುವ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಸಾಗರೋತ್ತರ ನಾಗರಿಕ ಕಾರ್ಡ್) ಯಾವಾಗ ಸಿಗುತ್ತದೆ, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇಲ್ಲವಲ್ಲ, ಮದ್ದೂರು ಕಡೆಯ ಅಪ್ಪ ಅಮ್ಮನನ್ನೂ ಬೇಸಿಗೆಗೆ ಜರ್ಮನಿಗೆ ಕರೆದುಕೊಂಡು ಹೋಗಬಹುದೇ ಅಂತ ಕೇಳಿದ್ದೀರಿ. ನನ್ನ ಗಂಡನೂ ಜರ್ಮನಿಯವರು. ಮಗಳು ಹುಟ್ಟಿದ್ದು ಮೈಸೂರಿನಲ್ಲಿ, ನನ್ನ ತವರು ಮಂಡ್ಯ ಜಿಲ್ಲೆಯ ಹಳ್ಳಿ. ನೀವು ಕೇಳಿದ ಕ್ರಮ ಬಿಟ್ಟು, ಕೆಲಸ ಆಗಬೇಕಾದ ಕ್ರಮದಲ್ಲಿ ಹೇಳುತ್ತೇನೆ. ಯಾವ ಕಾಗದ ಯಾವುದಕ್ಕಿಂತ ಮೊದಲು ಆಗಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಪಾಸ್‌ಪೋರ್ಟ್ ಅರ್ಜಿಗೆ ಕೈಹಾಕುವ ಮೊದಲು ಎರಡು ವಿಷಯ ಮನೆಯಲ್ಲೇ ಕೂತು ತೀರ್ಮಾನಿಸಿಕೊಳ್ಳಿ. ಒಂದು ಹೆಸರು, ಇನ್ನೊಂದು ಮಗುವಿನ ಪೌರತ್ವ.

ಹೆಸರಿನಿಂದ ಶುರು ಮಾಡಿ. ಜನನ ನೋಂದಣಿಯಾದ ಒಂದು ವರ್ಷದೊಳಗೆ ಮಗುವಿನ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ನಿಮಗೆ ಇನ್ನೂ ಸಮಯವಿದೆ, ಆದರೆ ತಳ್ಳಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಭಾರತದ ಪಾಸ್‌ಪೋರ್ಟ್ ನಿಯಮಗಳ ಪ್ರಕಾರ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ದಾಖಲೆ ನಡೆಯುವುದಿಲ್ಲ. ಜರ್ಮನಿಯ ಪಾಸ್‌ಪೋರ್ಟಿಗೂ ಮೂಲ ಅದೇ. ಒಮ್ಮೆ ಹೆಸರು ಸೇರಿದ ಮೇಲೆ ಬದಲಾಯಿಸುವುದು ಸೇರಿಸಿದಷ್ಟು ಸುಲಭವಲ್ಲ.

ನಮ್ಮ ಕಡೆ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಎಂ.ಎಸ್. ಕಾವ್ಯ' ಅಂತಿದ್ದರೆ, ಎಂ ಅಂದರೆ ಮದ್ದೂರು, ಎಸ್ ಅಂದರೆ ಅಪ್ಪ ಸಿದ್ದೇಗೌಡರು ಅಂತ ನಮಗೆ ಗೊತ್ತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿದಾಗ ಒಂದು ಕಡೆ ಸಿದ್ದೇಗೌಡ ಒಂದೇ ಪದ, ಇನ್ನೊಂದು ಕಡೆ ಸಿದ್ದೇ ಮತ್ತು ಗೌಡ ಎರಡು ಪದ, ಆಧಾರ್‌ನಲ್ಲಿ ಇನ್ನೊಂದು ಸ್ಪೆಲಿಂಗ್. ಊರಿನ ಕಚೇರಿಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜರ್ಮನ್ ಕಾನ್ಸುಲೇಟಿನ (ಜರ್ಮನಿ ಸರ್ಕಾರದ ಇಲ್ಲಿನ ಕಚೇರಿಯ) ಅಧಿಕಾರಿಗೆ ಮಾತ್ರ ಅವರು ಮೂರು ಜನ ಬೇರೆ ಬೇರೆ ಹೆಂಗಸರು. ಹಾಗಾಗಿ ಮಗುವಿನ ಜನನ ಪ್ರಮಾಣಪತ್ರದ ತಾಯಿಯ ಹೆಸರು ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಇರಬೇಕು. ಮದುವೆ ಪ್ರಮಾಣಪತ್ರದಲ್ಲೂ ಅದೇ. ಹೊಂದದಿದ್ದರೆ ಈಗಲೇ ತಿದ್ದುಪಡಿಗೆ ಕೊಡಿ. 'ಇಬ್ಬರೂ ಒಬ್ಬರೇ' ಅನ್ನುವ ಅಫಿಡವಿಟ್ ಮಾಡಿಸಿದರೆ ಸಾಕು ಅಂತ ಹೇಳುವವರು ಸಿಗುತ್ತಾರೆ. ಅದು ಕೆಲವು ಕಡೆ ನಡೆಯುತ್ತದೆ, ಆದರೆ ಮಗು ದೊಡ್ಡದಾಗುವವರೆಗೂ ಪ್ರತಿ ಅರ್ಜಿಗೂ ಆ ಅಫಿಡವಿಟ್ ಹಿಡಿದುಕೊಂಡೇ ಓಡಾಡಬೇಕಾಗುತ್ತದೆ.

ಗಂಡನ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಜರ್ಮನ್ ಹೆಸರುಗಳಲ್ಲಿ ಯು ಅಕ್ಷರದ ಮೇಲೆ ಎರಡು ಚುಕ್ಕಿ ಬರುತ್ತದೆ. ನಮ್ಮ ಕಚೇರಿಗಳ ಕಂಪ್ಯೂಟರಿನಲ್ಲಿ ಆ ಅಕ್ಷರ ಹೊಡೆಯಲು ಆಗದೆ ಬರೀ ಯು ಹಾಕಿಬಿಡುತ್ತಾರೆ. ಅವರ ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ನೋಡಿ. ಅಲ್ಲಿ ಚುಕ್ಕಿಯ ಯು ಜಾಗದಲ್ಲಿ ಯು, ಇ ಎರಡೂ ಅಕ್ಷರ ಇರುತ್ತವೆ. ಯಂತ್ರ ಓದುವುದು ಆ ಸಾಲನ್ನೇ. ಭಾರತದ ಎಲ್ಲ ದಾಖಲೆಯಲ್ಲೂ ಅದನ್ನೇ ಬರೆಸಿ.

ಇನ್ನು ಮಗುವಿನ ಸರ್‌ನೇಮ್. ಗಂಡ ಹೆಂಡತಿ ಇಬ್ಬರಿಗೂ ಒಂದೇ ಮನೆತನದ ಹೆಸರು ಇಲ್ಲದಿದ್ದರೆ, ಮೊದಲ ಜರ್ಮನ್ ಪಾಸ್‌ಪೋರ್ಟಿಗೆ ಮುಂಚೆ ಮಗುವಿನ ಸರ್‌ನೇಮ್ ಯಾವುದು ಅಂತ ಘೋಷಣೆ ಕೊಡಬೇಕಾಗುತ್ತದೆ. ಅದು ಕಾನ್ಸುಲೇಟ್ ಮೂಲಕ ಜರ್ಮನಿಗೆ ಹೋಗಿ ಬರುವ ಕೆಲಸ, ತಡವಾಗುತ್ತದೆ. ನೀವು ಯಾವ ಸರ್‌ನೇಮ್ ಘೋಷಿಸುತ್ತೀರೋ ಜನನ ಪ್ರಮಾಣಪತ್ರದಲ್ಲೂ ಅದೇ ಇರಲಿ. 'ಆದ್ಯಾ ಎಂ' ಅಂತ ಬರೆಸಬೇಡಿ.

ಈಗ ಪೌರತ್ವ. ಇದೇ ನಿಮ್ಮ ನಿಜವಾದ ಪ್ರಶ್ನೆ. 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ, ನಮ್ಮ 1955ರ ಪೌರತ್ವ ಕಾಯ್ದೆಯಂತೆ ಮಗು ಹುಟ್ಟಿನಿಂದ ಭಾರತೀಯ. ನಿಮ್ಮ ಗಂಡ ಜರ್ಮನಿಯಲ್ಲೇ ಹುಟ್ಟಿದ ಜರ್ಮನ್ ಆದ್ದರಿಂದ ಅಲ್ಲಿನ ಕಾನೂನಿನಂತೆ ಅದೇ ಮಗು ಹುಟ್ಟಿನಿಂದ ಜರ್ಮನ್ ಕೂಡ. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವವನ್ನು ಒಪ್ಪುತ್ತದೆ ಅನ್ನುವ ಸುದ್ದಿ ತೋರಿಸಿ, ಎರಡೂ ಪಾಸ್‌ಪೋರ್ಟ್ ಮಾಡಿಸಿಬಿಡಿ ಅಂತ ನೆಂಟರು ಹೇಳಬಹುದು. ಜರ್ಮನಿ ಒಪ್ಪಿದೆ, ಭಾರತ ಒಪ್ಪಿಲ್ಲ. ಮಗುವಿಗೆ ಭಾರತದ ಪಾಸ್‌ಪೋರ್ಟ್ ಕೇಳುವಾಗ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ನೀವು ಸಹಿ ಹಾಕಬೇಕು. ಆಮೇಲೆ ಜರ್ಮನ್ ಪಾಸ್‌ಪೋರ್ಟ್ ಮಾಡಿಸಿದರೆ ಭಾರತದ್ದನ್ನು ಒಪ್ಪಿಸಬೇಕು.

ಹಾಗಾದರೆ ಸದ್ಯಕ್ಕೆ ಭಾರತದ ಪಾಸ್‌ಪೋರ್ಟ್ ಮಾಡಿಸಿ, ಜರ್ಮನಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಹಾಕಿಸಿಕೊಂಡು ಹೋಗಿ ಬಂದರಾಯಿತು ಅಂತ ನೀವು ಬರೆದಿದ್ದೀರಿ. ಅದು ಆಗುವುದಿಲ್ಲ. ಯಾವ ದೇಶವೂ ತನ್ನ ಪ್ರಜೆಗೆ ತಾನೇ ವೀಸಾ ಕೊಡುವುದಿಲ್ಲ. ಅಪ್ಪ ಜರ್ಮನ್ ಅಂತ ಜನನ ಪ್ರಮಾಣಪತ್ರದಲ್ಲಿ ಕಂಡ ಕೂಡಲೇ, ಈ ಮಗುವಿಗೆ ಬೇಕಾದ್ದು ವೀಸಾ ಅಲ್ಲ, ಪಾಸ್‌ಪೋರ್ಟ್ ಅನ್ನುತ್ತಾರೆ. ಅಂದರೆ ಜರ್ಮನಿಯ ಅಜ್ಜಿಯ ಮನೆಗೆ ಹೋಗಬೇಕಾದರೆ ಜರ್ಮನ್ ಪಾಸ್‌ಪೋರ್ಟ್ ಬೇಕೇ ಬೇಕು. ಅದು ಬಂದ ದಿನದಿಂದ ಭಾರತದ ಲೆಕ್ಕದಲ್ಲಿ ಮಗು ವಿದೇಶಿ, ಇಲ್ಲಿ ಉಳಿಯಲು ಒಸಿಐ ಬೇಕು.

ಒಸಿಐ ಇದ್ದರೆ ಜೀವನಪೂರ್ತಿ ವೀಸಾ ಚಿಂತೆಯಿಲ್ಲ, ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಬೇಕಿಲ್ಲ, ಶಾಲೆಗೆ ತೊಂದರೆಯಿಲ್ಲ. ಕೈತಪ್ಪುವುದೂ ಇದೆ, ಅದನ್ನು ಏಜೆಂಟರು ಹೇಳುವುದಿಲ್ಲ. ಮತದಾನದ ಹಕ್ಕಿಲ್ಲ. ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಮಂಡ್ಯದವರಿಗೆ ಇದು ಸಣ್ಣ ಮಾತಲ್ಲ, ಬಿಡಿಸಿ ಹೇಳುತ್ತೇನೆ. ತಾತನ ವಿ.ಸಿ. ನಾಲೆ ಬಯಲಿನ ಗದ್ದೆ ಮೊಮ್ಮಗುವಿಗೆ ಪಿತ್ರಾರ್ಜಿತವಾಗಿ ಬರಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಕೃಷಿ ಭೂಮಿಯನ್ನು ಒಸಿಐ ಇರುವವರ ಹೆಸರಿಗೆ ದಾನಪತ್ರ ಮಾಡಿ ಕೊಡಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ. ನಿಮ್ಮ ತಂದೆ ಮೊಮ್ಮಗುವಿಗೆ ಏನಾದರೂ ಬಿಡಬೇಕು ಅಂದುಕೊಂಡಿದ್ದರೆ ದಾನಪತ್ರದ ಬದಲು ವಿಲ್ ಬಗ್ಗೆ ವಕೀಲರ ಹತ್ತಿರ ಮಾತಾಡಲಿ.

ಇನ್ನೊಂದು, ವಿದ್ಯೆ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯಂತೆ ಒಸಿಐ ಮಕ್ಕಳು ನೀಟ್, ಜೆಇಇಯಂಥ ಪರೀಕ್ಷೆ ಬರೆಯಬಹುದು, ಆದರೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟುಗಳಿಗೆ ಮಾತ್ರ. ಭಾರತೀಯರಿಗೇ ಮೀಸಲಾದ ಸೀಟು ಸಿಗುವುದಿಲ್ಲ. ಈ ನಿರ್ಬಂಧ ಅಧಿಸೂಚನೆಗಿಂತ ಮೊದಲು ಒಸಿಐ ಪಡೆದವರಿಗೆ ಅನ್ವಯವಾಗದು ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಮಗು ಈಗ ಹುಟ್ಟಿದ್ದು, ಹಾಗಾಗಿ ನಿರ್ಬಂಧ ತಾಗುತ್ತದೆ. ಮಗು ಇಲ್ಲೇ ಬೆಳೆದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಲಿ ಅನ್ನುವ ಆಸೆ ಮನೆಯಲ್ಲಿದ್ದರೆ ಇದನ್ನು ಈಗಲೇ ತೂಗಿ ನೋಡಿ.

ನಮ್ಮ ಮನೆಯಲ್ಲೂ ತೂಗಿದೆವು. ಅಪ್ಪನಿಗೆ ಹೇಳಿದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲ ಕಣವ್ವಾ, ಇಲ್ಲೇ ಹುಟ್ಟಿದ್ ಕೂಸು, ಇದು ನಮ್ ದೇಸದ್ದಲ್ಲ ಅಂದ್ರೆ ಹೆಂಗೆ?" ಅಂದರು. ಆ ಮಾತಿಗೆ ಕಾನೂನಿನಲ್ಲಿ ಉತ್ತರವಿಲ್ಲ. ಅವರಿಗೆ ಸ್ವಲ್ಪ ಸಮಾಧಾನ ಕೊಟ್ಟ ವಿಷಯ ಇದು: ಐದು ವರ್ಷ ಒಸಿಐ ಆಗಿದ್ದು, ಅರ್ಜಿಗೆ ಮುಂಚಿನ ಒಂದು ವರ್ಷ ಭಾರತದಲ್ಲೇ ವಾಸವಿದ್ದರೆ, ದೊಡ್ಡವಳಾದ ಮೇಲೆ ತಾನೇ ಬಯಸಿ ಭಾರತದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ಜರ್ಮನ್ ಪೌರತ್ವ ಬಿಡಬೇಕು. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹಾಗೆಯೇ, ಈಗ ಜರ್ಮನ್ ಪಾಸ್‌ಪೋರ್ಟ್ ಮಾಡಿಸದಿದ್ದರೂ ಮಗುವಿನ ಜರ್ಮನ್ ಪೌರತ್ವ ಹೋಗಿಬಿಡುವುದಿಲ್ಲ. ಹಾಗಾಗಿ ಯಾರೂ ನಿಮ್ಮನ್ನು ಆತುರಪಡಿಸಲು ಬಿಡಬೇಡಿ. ನೀವು ಪ್ರತಿ ಬೇಸಿಗೆಗೂ ಜರ್ಮನಿಗೆ ಹೋಗಬೇಕು ಅಂತ ಬರೆದಿರುವುದರಿಂದ, ನನ್ನ ಅಭಿಪ್ರಾಯದಲ್ಲಿ ನಿಮಗೆ ಜರ್ಮನ್ ಪಾಸ್‌ಪೋರ್ಟ್ ಮತ್ತು ಒಸಿಐ ದಾರಿಯೇ ಸರಿ. ಮೈಸೂರು ಬಿಟ್ಟು ಹೋಗುವ ಯೋಚನೆ ಇಲ್ಲದೆ, ಅಜ್ಜಿಯೇ ಇಲ್ಲಿಗೆ ಬಂದು ಹೋಗುವವರಾಗಿದ್ದರೆ ಕಾಯಿರಿ ಅನ್ನುತ್ತಿದ್ದೆ.

ಆ ದಾರಿ ಹಿಡಿದರೆ ಹೀಗೆ ಸಾಗುತ್ತದೆ. ಹೆಸರು ಸೇರಿದ ಜನನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನಲ್ಲಿ ಹೆಸರಿನ ಘೋಷಣೆ ಮತ್ತು ಪಾಸ್‌ಪೋರ್ಟ್ ಅರ್ಜಿ. ಕರ್ನಾಟಕ, ಕೇರಳ ಎರಡಕ್ಕೂ ಅದೇ ಕಚೇರಿ, ಅಪಾಯಿಂಟ್‌ಮೆಂಟ್ ಬೇಗ ನೋಡಿಕೊಳ್ಳಿ. 2024ರಿಂದ ಮಕ್ಕಳಿಗೆಂದೇ ಇದ್ದ ಪ್ರತ್ಯೇಕ ಪಾಸ್‌ಪೋರ್ಟ್ ನಿಂತಿದೆ, ಆರು ವರ್ಷ ನಡೆಯುವ ಮಾಮೂಲಿ ಪಾಸ್‌ಪೋರ್ಟನ್ನೇ ಕೊಡುತ್ತಾರೆ. ಅದು ಬಂದ ಕೂಡಲೇ ಟಿಕೆಟ್ ಬುಕ್ ಮಾಡಬೇಡಿ. ವೀಸಾ ಮುದ್ರೆಯೂ ಇಲ್ಲದ, ಒಸಿಐ ಕಾರ್ಡೂ ಇಲ್ಲದ ವಿದೇಶಿ ಪಾಸ್‌ಪೋರ್ಟ್ ಹಿಡಿದು ಮೈಸೂರಿನಿಂದ ಫ್ಲೈಬಸ್ ಹತ್ತಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋದರೆ, ಕೂಸನ್ನು ಇಮಿಗ್ರೇಷನ್‌ನಲ್ಲಿ ತಡೆಯುತ್ತಾರೆ. ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ) ತಾಣದಲ್ಲಿ ಇಲ್ಲಿ ಹುಟ್ಟಿದ ಮಗುವಿಗೆ ಎಕ್ಸಿಟ್ ಪರ್ಮಿಟ್ (ದೇಶ ಬಿಟ್ಟು ಹೊರಡುವ ಅನುಮತಿ) ಕೇಳುವ ಅವಕಾಶವಿದೆ. ಪ್ರಯಾಣ ತುರ್ತಾಗಿದ್ದರೆ ಅದು, ಇಲ್ಲದಿದ್ದರೆ ಒಸಿಐ ಬರುವವರೆಗೆ ಕಾಯುವುದು ನೆಮ್ಮದಿ. ಭಾರತದಲ್ಲಿ ಅರ್ಜಿ ಹಾಕಿದರೆ ಒಸಿಐ ಶುಲ್ಕ 15,000 ರೂಪಾಯಿ. ಇಪ್ಪತ್ತು ವರ್ಷ ತುಂಬುವವರೆಗೆ ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಮೂರು ತಿಂಗಳೊಳಗೆ ಅದರ ಪ್ರತಿ ಮತ್ತು ಫೋಟೋ ಅಪ್‌ಲೋಡ್ ಮಾಡಬೇಕು, ಕಾರ್ಡ್ ಬದಲಾಯಿಸಬೇಕಿಲ್ಲ.

ಗಂಡನ ಒಸಿಐಗೆ ನೋಂದಣಿಯಾದ ಮದುವೆ ಅರ್ಜಿಯ ಹಿಂದಿನ ಎರಡು ವರ್ಷ ನಿರಂತರವಾಗಿ ಇರಬೇಕು. ಛತ್ರದಲ್ಲಿ ಮಾಡಿದ ಧಾರೆಯ ಫೋಟೋ ಎಷ್ಟಿದ್ದರೂ ಕೇಳುವುದು ಸಬ್‌ ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರವನ್ನೇ. ಇನ್ನಾರು ತಿಂಗಳು ಕಾಯಿರಿ. ಅರ್ಜಿಗೆ ಭದ್ರತಾ ಪರಿಶೀಲನೆ ಕಡ್ಡಾಯ, ಬೇಗ ಮುಗಿಯುವುದಿಲ್ಲ. ಅಲ್ಲಿಯವರೆಗೆ ಅವರ ಎಂಟ್ರಿ ವೀಸಾದಲ್ಲಿ ಇಲ್ಲಿ ನೌಕರಿ ಮಾಡುವ ಹಾಗಿಲ್ಲ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ಅದೇ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಆಗಿರಬೇಕು. ಅತ್ತೆಯವರು ನಿಮ್ಮ ಮನೆಗೆ ಬಂದು ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕಾದ್ದು ನೀವು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದವರಿಗೆ ಮನೆ ಕೊಡುವವರಿಗೆಲ್ಲ ಇದು ಗೊತ್ತು, ಸ್ವಂತ ನೆಂಟರಿಗೂ ಅನ್ವಯಿಸುತ್ತದೆ ಅನ್ನುವುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿರುವುದರಿಂದ ಹಳೆಯ ಫಾರ್ಮ್ ಹೆಸರುಗಳನ್ನು ನಂಬಿ ಹುಡುಕಬೇಡಿ, ತಾಣದಲ್ಲಿ ಇರುವುದನ್ನೇ ತುಂಬಿ.

ಅಪೊಸ್ಟಿಲ್ ಬಗ್ಗೆ ಒಂದು ಮಾತು. ಅಪೊಸ್ಟಿಲ್ ಅಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದದಂತೆ, ಒಂದು ದೇಶದ ಕಾಗದ ಅಸಲಿ ಅಂತ ಇನ್ನೊಂದು ದೇಶ ಒಪ್ಪಲು ಹಾಕಿಸುವ ಸರ್ಕಾರಿ ಮುದ್ರೆ. ಎಲ್ಲ ಕಾಗದಕ್ಕೂ ಅಪೊಸ್ಟಿಲ್ ಹಾಕಿಸಿಕೊಡುತ್ತೇವೆ ಅಂತ ನಮ್ಮ ಹತ್ತಿರವೂ ಒಬ್ಬ ಏಜೆಂಟರು ದೊಡ್ಡ ಮೊತ್ತ ಕೇಳಿದ್ದರು. ಭಾರತ 2005ರಲ್ಲಿ ಆ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಅದಕ್ಕೇ ಬೇರೆ ದೇಶಗಳಿಗೆ ಹೋಗುವವರ ಅನುಭವ ನಿಮಗೆ ಹೊಂದುವುದಿಲ್ಲ. ಯಾವ ಕಾಗದಕ್ಕೆ ಯಾವ ಪರಿಶೀಲನೆ ಬೇಕು ಅಂತ ಕಾನ್ಸುಲೇಟಿನಿಂದ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ದುಡ್ಡು ಬಿಚ್ಚಿ.

ಕೊನೆಗೆ ನಿಮ್ಮ ಅಪ್ಪ ಅಮ್ಮ. ಅವರ ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲೇ ಮೊದಲು ಶುರುವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. ದೊಡ್ಡವರಿಗೆ ಮಾಮೂಲಿ ಶುಲ್ಕ 1,500 ರೂಪಾಯಿ. ಅರ್ಜಿಗೆ ಮುಂಚೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಮೂರರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಷೆಂಗೆನ್ ವೀಸಾಕ್ಕೆ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ರೈತರ ಹತ್ತಿರ ಅದಿರುವುದಿಲ್ಲ, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. ಅದನ್ನೇ ಒಂದು ಪತ್ರದಲ್ಲಿ ಬರೆದು, ಪಹಣಿ, ಕಬ್ಬಿನ ಬಿಲ್, ಡೇರಿ ಬಟವಾಡೆ ಜಮೆಯಾದ ಪಾಸ್‌ಬುಕ್ ಪುಟಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಲಗತ್ತಿಸಿ. ಊರಲ್ಲಿ ಜಮೀನು, ದನಕರು ಇರುವವರು ವಾಪಸ್ ಬಂದೇ ಬರುತ್ತಾರೆ ಅನ್ನುವುದಕ್ಕೆ ಇವು ಒಳ್ಳೆಯ ಪುರಾವೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು, ಬೇಸಿಗೆಯ ನೂಕುನುಗ್ಗಲಿಗೆ ಕಾಯಬೇಡಿ.

ಖರ್ಚನ್ನು ಜರ್ಮನಿಯ ಅತ್ತೆ ಮಾವ ನೋಡಿಕೊಳ್ಳುತ್ತಾರೆ ಅಂದಿದ್ದೀರಿ. ಹಾಗಿದ್ದರೆ ಅವರ ಊರಿನ ವಿದೇಶಿಯರ ಕಚೇರಿಗೆ ಹೋಗಿ, ತಮ್ಮ ಆದಾಯದ ದಾಖಲೆ ತೋರಿಸಿ, ನಿಮ್ಮ ಅಪ್ಪ ಅಮ್ಮನ ಹೊಣೆ ಹೊರುವ ಅಧಿಕೃತ ಪತ್ರ ಮಾಡಿಸಲಿ. ಶುಲ್ಕ 29 ಯೂರೋ. ಅದರಲ್ಲಿ ಅಪ್ಪ ಅಮ್ಮನ ಹೆಸರು, ಪಾಸ್‌ಪೋರ್ಟ್ ನಂಬರ್ ಬರೆಯುತ್ತಾರೆ, ಆದ್ದರಿಂದ ಮೊದಲು ಇಲ್ಲಿ ಪಾಸ್‌ಪೋರ್ಟ್ ಕೈಗೆ ಬರಲಿ, ಆಮೇಲೆ ಅವರಿಗೆ ಹೇಳಿ. ಆ ಪತ್ರದ ಮೂಲಪ್ರತಿಯನ್ನೇ ಕೊರಿಯರ್‌ನಲ್ಲಿ ತರಿಸಿಕೊಳ್ಳಿ, ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನಡೆಯುವುದಿಲ್ಲ.