ನಾಟಕದ ತಂಡ ಸೇರಲೇ ಎಂದು ಕೇಳಿದ ಹೊಸಬರಿಗೆ

ಪರದೇಶಕ್ಕೆ ಬಂದು ಕೆಲವು ತಿಂಗಳಾಗಿದೆ, ಕೆಲಸ ಮುಗಿದ ಮೇಲೆ ಸಂಜೆ ಕಳೆಯುವುದೇ ಕಷ್ಟ, ಹತ್ತಿರದ ಹವ್ಯಾಸಿ ನಾಟಕ ತಂಡವೊಂದು ಹೊಸಬರನ್ನು ಕರೆಯುತ್ತಿದೆ, ಆದರೆ ನನ್ನ ಉಚ್ಚಾರಣೆ ಕೇಳಿ ನಕ್ಕರೇನು ಗತಿ, ಇದರಿಂದ ನಿಜಕ್ಕೂ ಸಿಗುವುದೇನು ಎಂದು ಬರೆದಿದ್ದೀರಿ. ಧಾರಾಳವಾಗಿ ಸೇರಿ. ಚಪ್ಪಾಳೆಯ ಆಸೆಯೊಂದನ್ನೇ ಇಟ್ಟುಕೊಂಡು ಹೋಗಬೇಡಿ, ಅಷ್ಟೆ. ಅದು ಸಿಗುವುದು ಪ್ರದರ್ಶನದ ನಾಲ್ಕಾರು ಸಂಜೆ ಮಾತ್ರ; ತಾಲೀಮು ತಿಂಗಳುಗಟ್ಟಲೆ ನಡೆಯುತ್ತದೆ.

ವಲಸೆ ಬಂದವರಿಗೆ ಪರಿಚಯಸ್ಥರ ಬರವೇನೂ ಇರುವುದಿಲ್ಲ. ಸಹೋದ್ಯೋಗಿಗಳು ಕುಶಲ ಕೇಳುತ್ತಾರೆ, ನೆರೆಯವರು ಕೈಬೀಸುತ್ತಾರೆ. ಆದರೆ ಒಂದು ಸಂಜೆ ನೀವು ಕಾಣಿಸದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ನಾಟಕದಲ್ಲಿ ನಿಲ್ಲುತ್ತದೆ. ಎರಡೇ ಮಾತಿನ ಸೇವಕನ ಪಾತ್ರವಾಗಿದ್ದರೂ ಅವನು ಬಂದು ಕಾಗದ ಕೊಡುವವರೆಗೆ ಯಜಮಾನನ ಕೋಪಕ್ಕೆ ಕಾರಣವೇ ಹುಟ್ಟುವುದಿಲ್ಲ. ಹಾಗಾಗಿ ನೀವು ತಡವಾದರೆ ಫೋನ್ ಬರುತ್ತದೆ, ಬೈಗುಳವೂ ಬರುತ್ತದೆ. ಹೊಸ ನೆಲದಲ್ಲಿ ಹಕ್ಕಿನಿಂದ ನನ್ನನ್ನು ಮೊದಲು ಬೈದವರು ನಾಟಕದವರೇ. ಆ ರಾತ್ರಿ ಮನೆಗೆ ಹೋಗುವಾಗ ನನಗೆ ವಿಚಿತ್ರವಾದ ಸಂತೋಷವಾಗಿತ್ತು.

ಉಚ್ಚಾರಣೆಯ ಚಿಂತೆ ಬಿಡಿ. ಮೊದಲ ಓದಿನ ದಿನ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೂ ತಡವರಿಸುತ್ತಾರೆ. ದಿನನಿತ್ಯದ ಸಂಭಾಷಣೆಯಲ್ಲಿ ಮಾತನ್ನೂ ಹುಡುಕಬೇಕು, ಧೈರ್ಯವನ್ನೂ ಹುಡುಕಬೇಕು. ಇಲ್ಲಿ ಮಾತು ಬರೆದಿಟ್ಟಿರುತ್ತದೆ. ಯಾರಿಗೆ, ಯಾಕೆ ಹೇಳುತ್ತಿದ್ದೇನೆ ಎಂಬುದನ್ನು ಕಂಡುಕೊಂಡರೆ ಆಯಿತು. ಒಂದೇ ವಾಕ್ಯವನ್ನು ಬೇಡಿಕೊಳ್ಳುತ್ತಾ, ಗದರುತ್ತಾ, ಅಣಕಿಸುತ್ತಾ ಹೇಳಿ ನೋಡುವಾಗ ಆ ಭಾಷೆಯ ಏರಿಳಿತ ನಾಲಗೆಗೆ ತಾನಾಗಿ ಹತ್ತುತ್ತದೆ. ಭಾಷಾ ತರಗತಿಗಳಿಗೂ ಹೋಗಿ ಬಂದವನ ಮಾತಿದು.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲೇ ಇಲ್ಲ: ಕಿವಿ ಚುರುಕಾಗುತ್ತದೆ. ಒಂದು ಪ್ರದರ್ಶನದಲ್ಲಿ ನನ್ನ ಎದುರು ತಂದೆಯ ಪಾತ್ರ ಮಾಡುತ್ತಿದ್ದ ನಿವೃತ್ತ ಅಂಚೆಯವರು ಗಾಂಭೀರ್ಯ ಸ್ವಲ್ಪವೂ ಕೆಡದಂತೆ ಎರಡು ಪುಟ ಹಾರಿಬಿಟ್ಟರು. ಮನೆ ಮಾರಾಟವಾದ ಸುದ್ದಿ ಇದ್ದದ್ದು ಆ ಎರಡು ಪುಟಗಳಲ್ಲೇ. ಅದಿಲ್ಲದಿದ್ದರೆ ಮುಂದಿನ ಜಗಳಕ್ಕೆ ಅರ್ಥವೇ ಇಲ್ಲ. 'ಅಪ್ಪಾ, ಮನೆಯ ವಿಷಯ ಏನಾಯಿತು?' ಎಂದು ನಾಟಕದಲ್ಲಿ ಇಲ್ಲದ ಪ್ರಶ್ನೆ ಕೇಳಿದೆ. ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು, ಅಷ್ಟರಲ್ಲಿ ದಾರಿ ಹಿಡಿದರು. ಬೆಳಕು ನಿಭಾಯಿಸುತ್ತಿದ್ದ ಹುಡುಗಿಯೂ ನಮ್ಮ ಜೊತೆಗೇ ಆ ಹಾರಿದ ಪುಟಗಳಿಗೆ ಹಿಂದಕ್ಕೆ ಬಂದಳು. ಪ್ರೇಕ್ಷಕರಿಗೆ ಗೊತ್ತಾಗಲೇ ಇಲ್ಲ. ಒಳಗೆ ಬಂದ ಮೇಲೆ ಅವರು, 'ಜಗಳಕ್ಕೆ ನೀನು ತುಂಬಾ ಬೇಗ ತಯಾರಾಗಿದ್ದೆ' ಎಂದು ನನ್ನ ಮೇಲೇ ಗೂಬೆ ಕೂರಿಸಿದರು. ಎದುರಿನವರ ಮಾತನ್ನು ಅಷ್ಟು ಗಮನವಿಟ್ಟು ಕೇಳುವ ಅಭ್ಯಾಸ ಆಮೇಲೆ ಕಚೇರಿಯ ಸಭೆಗಳಿಗೂ ಬಂತು, ಮನೆಗೂ ಬಂತು. ಮನೆಯವರು ಇದನ್ನು ಪೂರ್ತಿ ಒಪ್ಪುವುದಿಲ್ಲ, ಅದು ಬೇರೆ ಮಾತು.

ಹವ್ಯಾಸಿಗಳ ನಾಟಕವೆಂದರೆ ಮೂಗು ಮುರಿಯುವವರು ನಿಮಗೂ ಸಿಗುತ್ತಾರೆ. ಮುಂದೆ ಫ್ರಾನ್ಸಿನ ಹೆಸರಾಂತ ನಿರ್ದೇಶಕರಾದ ಆಂದ್ರೆ ಆಂತ್ವಾನ್ ಪ್ಯಾರಿಸ್ಸಿನ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತರಾಗಿದ್ದಾಗಲೇ 1887ರಲ್ಲಿ ಹವ್ಯಾಸಿಗಳನ್ನು ಸೇರಿಸಿ ತೆಯಾತ್ರ್ ಲೀಬ್ರ್ ('ಸ್ವತಂತ್ರ ರಂಗಭೂಮಿ') ತಂಡವನ್ನು ಕಟ್ಟಿದರು. ಮೊದಲ ಪ್ರದರ್ಶನದ ರಂಗಸಜ್ಜಿಕೆಗೆ ತಾಯಿಯ ಮನೆಯ ಪೀಠೋಪಕರಣಗಳನ್ನೇ ಕೈಗಾಡಿಯಲ್ಲಿ ಸಾಗಿಸಿದರು. ರಷ್ಯಾದ ಹೆಸರಾಂತ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಕೂಡ 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಆರಂಭಿಸುವ ಮೊದಲು, ಮನೆತನದ ಕಾರ್ಖಾನೆಯ ಕೆಲಸ ನೋಡಿಕೊಳ್ಳುತ್ತಲೇ ವರ್ಷಗಟ್ಟಲೆ ಹವ್ಯಾಸಿಯಾಗಿ ಬಣ್ಣ ಹಚ್ಚಿದವರು. ನಮ್ಮ ತಂಡದಿಂದ ಅಂಥದ್ದೇನೂ ಹೊರಟಿಲ್ಲ, ಹೊರಡುವ ಲಕ್ಷಣವೂ ಇಲ್ಲ. ಮೂಗು ಮುರಿಯುವವರ ಬಾಯಿ ಮುಚ್ಚಿಸಲು ಈ ಹೆಸರುಗಳು ಇರಲಿ.

ಕಷ್ಟಗಳೂ ಇವೆ. ಪ್ರದರ್ಶನದ ಹಿಂದಿನ ವಾರ ಊಟ, ನಿದ್ದೆ ಎಲ್ಲ ಏರುಪೇರಾಗುತ್ತದೆ. ಮುಗಿದ ರಾತ್ರಿಯೇ ಸಜ್ಜಿಕೆ ಬಿಚ್ಚಿ ಲಾರಿಗೆ ತುಂಬಬೇಕು. ಮರುವಾರ ಮನಸ್ಸು ಬಿಕೋ ಎನ್ನುತ್ತದೆ. ಪಾತ್ರ ಹಂಚುವಾಗ ಮುನಿಸು, ಗುಂಪುಗಾರಿಕೆ ಇದ್ದೇ ಇರುತ್ತದೆ.

ಮೊದಲ ದಿನ ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ; ಬರೆದುಕೊಂಡದ್ದನ್ನು ಅಳಿಸಬೇಕಾಗುತ್ತದೆ. ಇಂದು ಬಾಗಿಲ ಬಳಿ ನಿಲ್ಲಿಸಿದವರನ್ನು ನಿರ್ದೇಶಕರು ನಾಳೆ ಕಿಟಕಿಗೆ ಕಳಿಸುತ್ತಾರೆ. ನಿಮಗೆ ರಾತ್ರಿ ಪಾಳಿ ಇದ್ದರೆ ಪಾತ್ರ ಒಪ್ಪುವ ಮೊದಲೇ ಹೇಳಿಬಿಡಿ. ಪಾತ್ರ ಸಿಗದಿದ್ದರೆ ಪರಿಕರಗಳ ಹೊಣೆ ಕೇಳಿ ಪಡೆಯಿರಿ. ನೇಪಥ್ಯದ ಮೇಜಿನ ಮೇಲೆ ಟೇಪಿನಿಂದ ಚೌಕ ಹಾಕಿ, ಪ್ರತಿ ಚೌಕದಲ್ಲಿ 'ಕಾಗದ', 'ಕೈಗಡಿಯಾರ', 'ಕೀಲಿಕೈ' ಎಂದು ಬರೆದು, ಆಯಾ ವಸ್ತು ಅಲ್ಲಿದೆಯೇ ಎಂದು ಪರದೆ ಏಳುವ ಮೊದಲು ನೋಡುವ ಕೆಲಸ ಅದು. ಪ್ರತಿಯೊಬ್ಬ ನಟನೂ ಏನಾದರೊಂದು ಕೇಳಿಕೊಂಡು ನಿಮ್ಮ ಬಳಿಗೆ ಬರಲೇಬೇಕಾದ್ದರಿಂದ, ಮುಖ್ಯ ಪಾತ್ರದವರಿಗಿಂತ ಬೇಗ ನಿಮಗೆ ಎಲ್ಲರ ಪರಿಚಯವಾಗುತ್ತದೆ.